ಒಬ್ರಾದ್ರೂ ಬೈರೋ

ಬಾತ್ಮಾ ತೀರಿಕೊಂಡ ಬೆಳಗ್ಗೆ ‘ಕಣಿವೆಯ ದನಿ’ ಎಂಬ ಫೋನಿನ ಗುಂಪಿನಲ್ಲಿ ಚಿನ್ನದ ಗಣಿಯ ಜಗಳ ಎಂದಿನಂತೆ ನಡೆಯುತ್ತಲೇ ಇತ್ತು. ಅಮ್ಮನ ಕಣ್ಣು ಮುಚ್ಚಿ, ಗದ್ದಕ್ಕೆ ಬಿಳಿ ಬಟ್ಟೆ ಕಟ್ಟಿ, ಗೋಡೆಗೆ ಒರಗಿ ಕುಳಿತ ಸಾಲ್ಕಿನ್‌ಳ ಜೇಬಿನಲ್ಲಿ ಫೋನು ಗೂಡಿನಿಂದ ಬಿದ್ದ ಮರಿಯಂತೆ ಮತ್ತೆ ಮತ್ತೆ ನಡುಗುತ್ತಿತ್ತು. ರಾಜಧಾನಿಯಲ್ಲಿ ಮಂತ್ರಿಯೊಬ್ಬ ಏನೋ ಹೇಳಿದ್ದ. ಅದಕ್ಕಾಗಿ ಇಲ್ಲಿ ನಾಲ್ಕು ಹಳ್ಳಿಯ ಜನ ಒಬ್ಬರ ಅಜ್ಜಂದಿರನ್ನು ಇನ್ನೊಬ್ಬರು ಗೋರಿಯಿಂದೆಬ್ಬಿಸಿ ಬೈಯುತ್ತಿದ್ದರು. ಎಲ್ಲರಿಗಿಂತ ಎತ್ತರದ ದನಿ ಅವಳ ಅಣ್ಣ ಎಸೆನ್‌ನದು. ಮಾಸ್ಕೋದಲ್ಲಿ ಟ್ಯಾಕ್ಸಿ ಓಡಿಸುವ ಅವನು ಗಿರಾಕಿಗಳಿಗಾಗಿ ಕಾಯುವ ಹೊತ್ತನ್ನೆಲ್ಲ ಈ ಜಗಳಕ್ಕೇ ಕೊಟ್ಟಿದ್ದ. ಅಮ್ಮ ಇಲ್ಲವೆಂಬುದು ಅವನಿಗೆ ಗೊತ್ತಿರಲಿಲ್ಲ.

ಅವನಿಗೆ ಹೇಳುವ ಹಾಗೂ ಇರಲಿಲ್ಲ.

ಆ ಕಣಿವೆಯಲ್ಲಿ ಸಾವಿನ ಸುದ್ದಿಯನ್ನು ಯಾರ ಕಿವಿಗೂ ಬರಿದೇ ಹಾಕುವುದಿಲ್ಲ. ಹಿರಿಯರು ನಾಲ್ವರು ಮನೆಗೆ ಹೋಗಿ, ಎಡಬಲಕ್ಕೆ ಕುಳಿತು, ತೋಳು ಹಿಡಿದುಕೊಂಡು ಹೇಳುತ್ತಾರೆ. ದೂರದ ದೇಶದಲ್ಲಿ ಒಂಟಿಯಾಗಿರುವವನಿಗಾದರೆ ‘ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ, ಬಂದು ಹೋಗು’ ಎನ್ನುತ್ತಾರೆ, ಅಷ್ಟೇ. ಕೇಳಿದವನಿಗೆ ಅರ್ಥವಾಗುತ್ತದೆ. ಆದರೂ ಆ ‘ಸ್ವಲ್ಪ’ವನ್ನು ಓಡುವ ಕುದುರೆಯ ಕತ್ತಿನ ಕೂದಲಿನಂತೆ ಬಿಗಿಯಾಗಿ ಹಿಡಿದುಕೊಂಡು ದಾರಿ ಸವೆಸುತ್ತಾನೆ. ಮನೆಯಂಗಳ ಮುಟ್ಟುವವರೆಗೆ ಬೀಳದೆ ಇರಲು ಅಷ್ಟು ಸಾಕು.

ಫೋನು ಮಾಡಿದವರು ಅಸನಾಲಿ ಮಾವ, ಅಮ್ಮನ ಹಿರಿಯಣ್ಣ. ಎರಡು ಸಲ ಗಂಟಲು ಸರಿಮಾಡಿಕೊಂಡು, ಮುಖದ ಮೇಲೆ ನಗುವನ್ನೂ ತಂದುಕೊಂಡು ಮಾತಾಡಿದರು.

“ಎಸೆನ್, ಮಗಾ, ಚೆನ್ನಾಗಿದೀಯೇನಪ್ಪ? ಹೂಂ, ಇಲ್ಲೂ ಹಿಮ ಬೀಳ್ತಿದೆ. ಒಂದ್ಸಲ ಊರಿಗೆ ಬಂದು ಹೋಗೋ. ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ.”

ಆ ಕಡೆಯಿಂದ ಬಂದ ನಗು ಪಕ್ಕದಲ್ಲಿ ಕೂತಿದ್ದ ಸಾಲ್ಕಿನ್‌ಗೂ ಕೇಳಿಸಿತು.

“ಸಾಲ್ಕಿನ್ ಹೇಳಿಕೊಟ್ಟಳಾ ಮಾವ? ಈ ಔಷಧಿ ಒಂದೇ ಸಲ ಕೆಲಸ ಮಾಡೋದು ಅಂತ ಹೇಳಿ ಅವಳಿಗೆ. ನಿಮ್ಮ ಬಿಳಿ ಗಡ್ಡಾನೂ ಇದಕ್ಕೆ ಎಳೆದ್ಲಲ್ಲ, ನಾಚಿಕೆ ಇಲ್ಲ.”

ಫೋನು ಸತ್ತಿತು. ಮಾವ ಅದನ್ನು ಅಂಗೈಯಲ್ಲಿಟ್ಟುಕೊಂಡು ಸಾಲ್ಕಿನ್ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ‘ಔಷಧಿ’ ಮೊದಲ ಸಲ ಬಳಕೆಯಾದದ್ದು ಎರಡು ತಿಂಗಳ ಹಿಂದೆ, ಕುರಿಗಳು ಬೆಟ್ಟದಿಂದ ಇಳಿಯುವ ಕಾಲದಲ್ಲಿ. ಮೇಲಿನ ಹುಲ್ಲುಗಾವಲನ್ನು ಹೊರಗಿನ ಕಂಪನಿಯೊಂದು ಅಗೆಯುತ್ತದಂತೆ ಎಂಬ ಸುದ್ದಿ ಮೂರು ವರ್ಷದ ಹಿಂದೆ ಬಂದಾಗಿನಿಂದ ಕಣಿವೆ ಎರಡು ಹೋಳಾಗಿತ್ತು. ಗಣಿ ಬೇಡ ಎಂದವರಲ್ಲಿ ಎಸೆನ್ ಮುಂದು. ಗಣಿ ಬರಲಿ ಎಂದವರಲ್ಲಿ ಸಾಲ್ಕಿನ್ ಒಬ್ಬಳು. ಊರಿನ ವಾಚನಾಲಯದಲ್ಲಿ ಕೆಲಸ ಅವಳಿಗೆ. ಓದುವವರು ಬಾರದ ಹೊತ್ತಿನಲ್ಲಿ ಒಲೆಯ ಪಕ್ಕ ಕುಳಿತು ಗುಂಪಿಗೆ ಬರೆಯುತ್ತಿದ್ದಳು. ಇಲ್ಲೇ ಕೆಲಸ ಸಿಕ್ಕರೆ ಗಂಡಸರೇಕೆ ಪರದೇಶಕ್ಕೆ ಹೋಗಬೇಕು ಎಂಬುದು ಅವಳ ಒಂದೇ ವಾದ. ತಿರುಗಿ ಬರಲು ಹುಲ್ಲುಗಾವಲೇ ಇಲ್ಲದಿದ್ದರೆ ಯಾವ ಊರಿಗೆ ಬರಬೇಕು ಎಂಬುದು ಅವನದು. ಒಂದೇ ಒಲೆಯ ಮುಂದೆ ಕೂತು ಚಹಾ ಹೀರುತ್ತ ಇದನ್ನೇ ಹೇಳಿಕೊಂಡಿದ್ದರೆ ಇಬ್ಬರೂ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಆದರೆ ಅಲ್ಲಿ ನೋಡಲು ಸಾವಿರ ಜನರಿದ್ದರು. ಅವಳ ಒಂದು ಮಾತಿಗೆ ನೂರು ಜನ ಚಪ್ಪಾಳೆ ಒತ್ತಿದರೆ ಅವನ ಒಂದು ಮಾತಿಗೆ ಇನ್ನೂರು. ಚಿಕ್ಕಂದಿನಲ್ಲಿ ತನ್ನನ್ನು ಕುದುರೆಯ ಮುಂದೆ ಕೂರಿಸಿಕೊಂಡು ಹೊಳೆ ದಾಟಿಸುತ್ತಿದ್ದ ಅಣ್ಣ ‘ಬಾಡಿಗೆ ನಾಲಿಗೆ’ ಎಂದು ಬರೆದ ದಿನ ಅವಳ ಮೈಯೆಲ್ಲ ಉರಿದುಹೋಯಿತು.

ಅವನು ಆ ವಾರ ಊರ ಹಿರಿಯರ ಹೆಸರು ಹಿಡಿದು ಬರೆಯತೊಡಗಿದ್ದ. ಯಾರು ಗಣಿಯವರ ಜೊತೆ ಊಟ ಮಾಡಿದರು, ಯಾರು ಎಲ್ಲಿ ಸಹಿ ಹಾಕಿದರು, ಎಲ್ಲವೂ. ಅವನ ಬಾಯಿ ಮುಚ್ಚಿಸಲು ಸಾಲ್ಕಿನ್‌ಗೆ ಯಾವ ಉತ್ತರವೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ ಮಾತು. ಅಮ್ಮನಿಗೆ ಅಂದು ನೆಗಡಿಯಾಗಿತ್ತು, ಅದಂತೂ ನಿಜ. ಅವನ ಬರಹದ ಕೆಳಗೆ, ಎಲ್ಲರ ಕಣ್ಣೆದುರು, ಅವಳು ಬರೆದಳು: ‘ಅಣ್ಣ, ಇದನ್ನೆಲ್ಲ ನಿಲ್ಲಿಸು. ಅಮ್ಮನಿಗೆ ಸ್ವಲ್ಪ ಹುಷಾರಿಲ್ಲ.’

ಆ ಮಾತನ್ನು ಇನ್ನಾವುದಕ್ಕೂ ಬಳಸಬಾರದೆಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಜಗಳದ ಬಿಸಿಯಲ್ಲಿ ಕೈಗೆ ಸಿಕ್ಕದ್ದನ್ನು ಎಸೆದುಬಿಟ್ಟಳು. ಅದು ಎಲ್ಲಿ ತಾಗುತ್ತದೆಂದು ನೋಡಲಿಲ್ಲ.

ಎಸೆನ್ ಟ್ಯಾಕ್ಸಿಯನ್ನು ಅರ್ಧ ದಾರಿಯಲ್ಲೇ ಬಿಟ್ಟು ವಿಮಾನ ನಿಲ್ದಾಣಕ್ಕೆ ಓಡಿದ. ಅಲ್ಲಿ ನೆಲದ ಮೇಲೆ ಕುಳಿತು, ಗುರುತು ಪರಿಚಯವಿಲ್ಲದವರ ಕಾಲುಗಳ ನಡುವೆ, ತಲೆ ಚಚ್ಚಿಕೊಂಡು ಅತ್ತ. ಯಾರೋ ನೀರು ಕೊಟ್ಟರು, ಯಾರೋ ಕಾವಲಿನವರನ್ನು ಕರೆದರು. ವಿಮಾನ ಹತ್ತುವ ಮುಂಚೆ, ಮನೆಯಲ್ಲಿ ಯಾರಾದರೂ ಹೆಂಗಸರು ಅಳುವುದಾದರೂ ಕೇಳಲಿ ಎಂದು, ಅಮ್ಮನ ಫೋನಿಗೆ ಕರೆ ಮಾಡಿದ. ಎತ್ತಿದವಳು ಅಮ್ಮ.

“ಏನೋ ಇಷ್ಟು ಬೆಳಗ್ಗೇನೇ? ಬೇಗ ಹೇಳು ಮಗಾ, ಹಸು ಕಾಲು ಎತ್ತುತ್ತಿದೆ, ಹಾಲು ಚೆಲ್ಲತ್ತೆ.”

ಅಂದೇ ಅವನು ತಂಗಿಯ ಕರೆಗಳು ತನಗೆ ತಲುಪದ ಹಾಗೆ ಮಾಡಿದ. ಬಾಡಿಗೆಯ ಕೋಣೆಯನ್ನೂ ಬದಲಾಯಿಸಿದ. ಊರಿನವರಾರಿಗೂ ಹೊಸ ವಿಳಾಸ ಕೊಡಲಿಲ್ಲ. ಗುಂಪಿನಲ್ಲಿ ಮಾತ್ರ ಒಂದು ಸಾಲು ಬರೆದ: ‘ಜಗಳ ಗೆಲ್ಲೋಕೆ ಹೆತ್ತ ತಾಯೀನ ಸಾಯಿಸೋರೂ ನಮ್ಮಲ್ಲಿ ಇದಾರೆ.’ ಅದಕ್ಕೆ ಬಿದ್ದಷ್ಟು ಚಪ್ಪಾಳೆ ಆ ಗುಂಪಿನಲ್ಲಿ ಇನ್ಯಾವುದಕ್ಕೂ ಬಿದ್ದಿರಲಿಲ್ಲ.

ಈಗ ಅಂಗಳದಲ್ಲಿ ಗಂಡಸರು ಅಮ್ಮನನ್ನು ಮಲಗಿಸಲು ಉಣ್ಣೆಯ ಗುಡಾರ ಎಬ್ಬಿಸುತ್ತಿದ್ದರು. ಮೂರನೆಯ ದಿನ ಮಧ್ಯಾಹ್ನ ಮಣ್ಣು ಎಂದು ಮಾವ ಗೊತ್ತುಮಾಡಿದರು. ಇರುವವನು ಒಬ್ಬನೇ ಮಗ. ಮೊದಲ ಹಿಡಿ ಮಣ್ಣು ಅವನ ಕೈಯಿಂದಲೇ ಬೀಳಬೇಕು. ಮಾಸ್ಕೋದಲ್ಲಿದ್ದ ಊರಿನವರಿಬ್ಬರು ಅವನ ಹಳೆಯ ಕೋಣೆಯವರೆಗೂ ಹೋಗಿ ಬರಿಗೈಯಲ್ಲಿ ಮರಳಿದರು. ಮಾವನ ಕರೆಯ ನಂತರ ಕಣಿವೆಯ ಯಾವ ಸಂಖ್ಯೆಯಿಂದ ಕರೆ ಹೋದರೂ ಅವನು ಎತ್ತುತ್ತಿರಲಿಲ್ಲ. ಆದರೆ ಗುಂಪಿನಲ್ಲಿ ಇದ್ದ. ಮಧ್ಯಾಹ್ನದ ಹೊತ್ತಿಗೆ ಅವನ ಬರಹ ಬಂತು.

‘ಕೇಳ್ರಪ್ಪಾ ಹೊಸ ಸುದ್ದಿ. ನನ್ನ ಬಾಯಿ ಮುಚ್ಚಿಸೋಕೆ ನಮ್ಮಮ್ಮನಿಗೆ ಮತ್ತೆ ಹುಷಾರು ತಪ್ಪಿಸಿದಾರೆ. ಈ ಸಲ ಮಾವನ ಕೈಲಿ ಹೇಳಿಸಿದಾರೆ. ಗಣಿಯವರು ಎಷ್ಟು ಕೊಟ್ರು ಮಾವಾ?’

ಸಾಲ್ಕಿನ್ ಫೋನು ನೋಡುತ್ತಿದ್ದಳು. ಈ ಹೊತ್ತಿಗೆ ಬಾತ್ಮಾಳ ಸಾವು ನಾಲ್ಕೂ ಹಳ್ಳಿಗೆ ಗೊತ್ತಾಗಿತ್ತು. ಗುಂಪಿನ ಅರ್ಧ ಜನ ಇಲ್ಲೇ ಅಂಗಳದಲ್ಲಿ ಸೌದೆ ಸೀಳುತ್ತಿದ್ದರು, ಬಾಣಲೆಯಲ್ಲಿ ಹಿಟ್ಟಿನುಂಡೆ ಕರಿಯುತ್ತಿದ್ದರು. ಒಬ್ಬನ ಕೈ ಜಾರಿದರೂ ಸಾಕಿತ್ತು. ಬರಹದ ಮೂಲೆಯಲ್ಲಿ, ಅದನ್ನು ನೋಡಿದವರ ಲೆಕ್ಕ ಏರುತ್ತ ಹೋಯಿತು: ಇನ್ನೂರು, ನಾನೂರ ಹತ್ತು, ಒಂಬೈನೂರು. ಕೆಳಗೆ ಒಂದಕ್ಷರವಿಲ್ಲ. ಗಾಳಿ ಬೀಸಿದರೂ ಉತ್ತರ ಕೊಡುತ್ತಿದ್ದ ಜನ. ಗಣಿಯ ಕಡೆಯವರು, ಎದುರಿನವರು, ಯಾವಾಗಲೂ ನಗುವಿನ ಚಿತ್ರ ಹಾಕುವ ಹುಡುಗಿಯರು, ಎಲ್ಲರೂ ಬಂದು ನೋಡಿ, ಮಲಗಿದ ಮಗುವಿನ ಕೋಣೆಯಿಂದ ಹೊರಟವರಂತೆ ತುದಿಗಾಲಲ್ಲಿ ತಿರುಗಿ ಹೋಗುತ್ತಿದ್ದರು.

‘ಏನು ಇವತ್ತು ಬಾಯಿಗೆ ಹಿಟ್ಟು ತುಂಬ್ಕೊಂಡಿದೀರಾ ಎಲ್ರೂ?’ ಎಂದು ಬರೆದ ಎಸೆನ್.

ಬಾಯಲ್ಲಿ ಹಿಟ್ಟಿರಲಿಲ್ಲ. ಹಿಟ್ಟು ಬಾಣಲೆಯಲ್ಲಿ ಬೇಯುತ್ತಿತ್ತು.

ಮರುದಿನ ಬೆಳಗಾದರೂ ಅವನು ಹೊರಟಿರಲಿಲ್ಲ. ಗುಡಾರದೊಳಗೆ, ಅಮ್ಮನನ್ನು ಮಲಗಿಸಿದ್ದ ಪರದೆಯ ಪಕ್ಕ ಹೆಂಗಸರು ಗೋಡೆಗೆ ಮುಖಮಾಡಿ ಕುಳಿತು ಹಾಡಿ ಅಳುತ್ತಿದ್ದರು. ಸಾಲ್ಕಿನ್ ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಎದ್ದು ಹೊರಗೆ ಬಂದಳು. ದುಃಖಕ್ಕೆ ಬರುವವರನ್ನು ಎದುರುಗೊಳ್ಳಲು ಕೋಲೂರಿ ನಿಂತ ಗಂಡಸರ ಸಾಲಿನ ಮೊದಲಿಗೆ ಮಾವ ಇದ್ದರು.

“ಮಾವ, ನಾನು ಬರೆದುಬಿಡ್ತೀನಿ. ಅಮ್ಮ ಹೋದ್ಲು ಅಂತ ನೇರವಾಗಿ ಬರೀತೀನಿ. ಇವತ್ತೂ ಹೊರಡಲಿಲ್ಲ ಅಂದ್ರೆ ಮಣ್ಣಿಗೂ ಸಿಗಲ್ಲ ಅವ್ನು.”

“ಬರೀತೀಯಾ? ಬರಿ.” ಮಾವನ ದನಿ ಏರಲಿಲ್ಲ. “ನನ್ನ ತಮ್ಮ ಕಾದಿರ್‌ಗೆ ಹಂಗೇ ಹೇಳಿದ್ರು, ಫೋನಲ್ಲಿ, ಅಪ್ಪ ಹೋದ ಅಂತ. ಆರನೇ ಅಂತಸ್ತಲ್ಲಿ ಗಾರೆ ಹಚ್ತಿದ್ದ ಅವ್ನು, ಸೈಬೀರಿಯಾದಲ್ಲಿ. ಫೋನು ಕಿವೀಲೇ ಇತ್ತಂತೆ. ಒಂದು ಹೆಜ್ಜೆ ಮುಂದೆ ಇಟ್ಟ, ಅಷ್ಟೇ. ಎಸೆನ್ ಈಗ ಎಲ್ಲಿದಾನೆ, ಯಾವ ರಸ್ತೇಲಿ ಕಾರು ಓಡಿಸ್ತಿದಾನೆ, ನಿಂಗೊತ್ತಾ? ಯಾರು ಹಿಡ್ಕೋತಾರೆ ಅವನ ತೋಳು? ಆ ಫೋನಾ?”

ಸಾಲ್ಕಿನ್ ಫೋನನ್ನು ಕೆಳಗಿಳಿಸಿದಳು.

ಸಾಲಿನ ಕೊನೆಯಲ್ಲಿದ್ದ ಶಾರ್ಶೆನ್ ಆಗ ಕೋಲನ್ನು ಬೇಲಿಗೊರಗಿಸಿ ಹತ್ತಿರ ಬಂದ. ಊರಿನ ಟ್ರ್ಯಾಕ್ಟರ್ ಓಡಿಸುವವನು, ಎಸೆನ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಗಣಿ ಬಂದರೆ ದೊಡ್ಡ ಯಂತ್ರ ಓಡಿಸಬಹುದೆಂಬ ಆಸೆಯಿಂದ ಮೂರು ವರ್ಷದಿಂದ ಎಸೆನ್ ಬರೆದ ಪ್ರತಿ ಸಾಲಿಗೂ ಅಡ್ಡ ಹಾಕಿದವನು. ‘ಮಾಸ್ಕೋದ ಮೇಕೆ’ ಎಂದು ಅವನಿಗೆ ಹೆಸರಿಟ್ಟವನೂ ಇವನೇ. ಎಸೆನ್ ಇವನನ್ನು ‘ಡೀಸೆಲ್ ಕುಡಿಯುವ ಕೋಣ’ ಎನ್ನುತ್ತಿದ್ದ.

“ನಾನೊಂದು ಬರೀಲಾ ಮಾವ? ಸಾವು ಗೀವು ಅನ್ನಲ್ಲ.”

“ಏನ್ ಬರೀತೀಯೋ?”

“ಸೋತೆ ಅಂತ.” ಶಾರ್ಶೆನ್ ಟೋಪಿ ತೆಗೆದು ತಲೆ ಕೆರೆದುಕೊಂಡ. “ಮೂರು ವರ್ಷದಲ್ಲಿ ಒಂದಿನಾನೂ ಆ ಮೇಕೆಗೆ ಒಂದು ಮಾತು ಸೋತಿಲ್ಲ ನಾನು. ನಾನು ಸೋತೆ ಅಂದ್ರೆ ಏನೋ ಆಗಿದೆ ಅಂತ ಅವ್ನಿಗೆ ತಿಳಿಯತ್ತೆ. ಒಂದೇ ಏಟಿಗೆ ಅಲ್ಲ, ಮೆಲ್ಲಗೆ ತಿಳಿಯತ್ತೆ. ಕೂತ್ಕೊಳ್ಳೋಕೆ ಜಾಗ ಹುಡುಕೋವಷ್ಟು ಹೊತ್ತಾದ್ರೂ ಸಿಗತ್ತೆ.”

ಮಾವ ಬೇಡವೆನ್ನಲಿಲ್ಲ. ಶಾರ್ಶೆನ್ ಹೊಗೆಹಿಡಿದ ದಪ್ಪ ಬೆರಳಿನಿಂದ, ಒಂದೊಂದೇ ಅಕ್ಷರ ಒತ್ತಿ ಬರೆದ: ‘ಎಸೆನ್, ಹುಲ್ಲುಗಾವಲಿನ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ನಾನು ಸೋತೆ. ಊರಿಗೆ ಬಾ.’

ಸಾಲ್ಕಿನ್ ತನ್ನ ಫೋನಿನಲ್ಲಿ ನೋಡುತ್ತ ನಿಂತಳು. ಉತ್ತರ ಕೂಡಲೇ ಬಂತು.

‘ಬೆಳಬೆಳಗ್ಗೇನೇ ಡೀಸೆಲ್ ಕುಡಿದಿದೀಯೇನೋ ಕೋಣ?’

ಶಾರ್ಶೆನ್ ತಿರುಗಿ ಬರೆಯಲಿಲ್ಲ. ಬರೆದವನು ಇನ್ನೊಬ್ಬ, ಬೇಲಿಯಾಚೆ ಸೌದೆ ಸೀಳುತ್ತಿದ್ದ ಗಣಿಯ ಕಡೆಯವನು: ‘ಎಸೆನಣ್ಣ, ನೀವೇ ಸರಿ. ಬನ್ನಿ.’ ಆಮೇಲೆ ಪಕ್ಕದ ಹಳ್ಳಿಯ ಮೇಷ್ಟರು. ಆಮೇಲೆ, ಎಸೆನ್ ಹೆಸರು ಹಿಡಿದು ಬರೆದಿದ್ದನಲ್ಲ, ಆ ಹಿರಿಯರಲ್ಲೊಬ್ಬರು, ಮೊಮ್ಮಗಳ ಕೈಯಲ್ಲಿ ಬರೆಯಿಸಿ: ‘ಸಹಿ ಹಾಕಿದ್ದು ನನ್ನ ತಪ್ಪು ಮಗಾ. ಬಾ.’ ಒಂದರ ಕೆಳಗೊಂದು, ಹಿಮದ ಮೇಲೆ ಕುರಿಗಳು ಸಾಲಾಗಿ ಇಳಿಯುವಂತೆ, ಆ ಮಾತುಗಳು ಇಳಿದು ಬಂದವು. ನೀನೇ ಸರಿ. ನೀವೇ ಸರಿ. ಬಾ. ಬನ್ನಿ.

‘ಏನಾಟ ಇದು?’ ಎಂದ ಎಸೆನ್. ಸ್ವಲ್ಪ ಹೊತ್ತಿನ ಮೇಲೆ, ‘ಸಾಕು ನಿಲ್ಸಿ.’ ಮತ್ತೂ ನಾಲ್ಕು ಜನ ಸೋತರು. ಅವನು ಬರೆಯುತ್ತಿದ್ದಾನೆ ಎಂದು ಫೋನು ತೋರಿಸುತ್ತಿತ್ತು. ನಿಲ್ಲಿಸುತ್ತಿದ್ದ, ಮತ್ತೆ ತೊಡಗುತ್ತಿದ್ದ. ಕೊನೆಗೆ ಬಂತು.

‘ಶಾರ್ಶೆನ್, ಬೈಯೋ ನನ್ನ.’

ಮತ್ತೆ:

‘ಒಬ್ರಾದ್ರೂ ಬೈರೋ.’

ಅಂಗಳದಲ್ಲಿ ಅಷ್ಟೂ ಗಂಡಸರು ತಂತಮ್ಮ ಫೋನು ಹಿಡಿದು ನಿಂತಿದ್ದರು. ಬೈಯಲು ಯಾರಿಂದಲೂ ಆಗಲಿಲ್ಲ. ಶಾರ್ಶೆನ್ ಫೋನನ್ನು ಜೇಬಿಗಿಟ್ಟು, ಕೊಟ್ಟಿಗೆಯ ಹಿಂದೆ ಹೋಗಿ ಮುಖ ಮುಚ್ಚಿಕೊಂಡ.

ಸಾಲ್ಕಿನ್‌ಳ ಫೋನು ಬಡಿದುಕೊಂಡಿತು. ಎರಡು ತಿಂಗಳಿಂದ ಬಾರದ ಹೆಸರು.

“ಸಾಲ್ಕಿನ್.”

“ಅಣ್ಣಾ.”

ಎಲ್ಲೋ ರಸ್ತೆಬದಿಯಲ್ಲಿ ಕಾರು ನಿಲ್ಲಿಸಿಕೊಂಡಿರಬೇಕು. ದೊಡ್ಡ ಗಾಡಿಗಳು ಪಕ್ಕದಲ್ಲಿ ಹಾದುಹೋಗುವ ಸದ್ದು ಕೇಳುತ್ತಿತ್ತು.

“ಅಮ್ಮನಿಗೆ...” ಎಂದ.

ಗುಡಾರದೊಳಗೆ ಹೆಂಗಸರ ಹಾಡು ಏರುತ್ತಿತ್ತು. ಸಾಲ್ಕಿನ್ ಫೋನಿನ ಬಾಯಿಗೆ ಅಂಗೈ ಅಡ್ಡ ಹಿಡಿದು, ಓಡಿ, ದನದ ಕೊಟ್ಟಿಗೆಯೊಳಗೆ ಸೇರಿಕೊಂಡು ಬಾಗಿಲು ಎಳೆದುಕೊಂಡಳು.

“ಸ್ವಲ್ಪ ಹುಷಾರಿಲ್ಲ ಅಣ್ಣ,” ಎಂದಳು.

“ಸ್ವಲ್ಪಾನೇ ತಾನೆ?”

“ಸ್ವಲ್ಪಾನೇ.”

“ಹೂಂ. ಹಾಗಾದ್ರೆ ಬರ್ತೀನಿ. ಬಂದು ನೋಡ್ಕೊಂಡು ಹೋಗ್ತೀನಿ.” ಅವನ ಹಲ್ಲು ಕಡಿದುಕೊಳ್ಳುವುದು ಕೇಳಿಸಿತು. “ಏನಾದ್ರೂ ತರ್ಬೇಕಾ ಅವಳಿಗೆ?”

“ಏನೂ ಬೇಡ. ನೀನು ಬಾ, ಸಾಕು. ಕಾರು ನೀನೇ ಓಡಿಸ್ಬೇಡ. ಯಾರನ್ನಾದ್ರೂ ಕರ್ಕೊಂಡು ಹೋಗು ನಿಲ್ದಾಣದ ತನಕ.”

“ಹೂಂ.”

ಹಸು ತಿರುಗಿ ನೋಡುತ್ತಿತ್ತು. ಬೆಳಗಿನಿಂದ ಅದರ ಹಾಲನ್ನು ಯಾರೂ ಕರೆದಿರಲಿಲ್ಲ.

ಮೂರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಅವನು ರಾಜಧಾನಿ ಬಿಷ್ಕೆಕ್‌ನಲ್ಲಿ ಇಳಿದ ಸುದ್ದಿ ಬಂತು. ಬಾಡಿಗೆ ಕಾರು ಹಿಡಿದ, ಹೊರಟ, ಬರುತ್ತಿದ್ದಾನೆ. ಮಧ್ಯಾಹ್ನದೊಳಗೆ ಮುಟ್ಟುತ್ತಾನೆಂದು ಎಲ್ಲರೂ ಲೆಕ್ಕ ಹಾಕಿದರು. ಆದರೆ ಘಾಟಿಯ ಮೇಲೆ ಹಿಮ ಜಾರಿ ರಸ್ತೆ ಮುಚ್ಚಿತ್ತು. ಆಚೆ ಕಡೆ ನಿಂತ ಗಾಡಿಗಳ ಸಾಲಿನಲ್ಲಿ ಅವನೂ ಇದ್ದ. ಇದನ್ನು ಕೇಳಿದ್ದೇ ತಡ, ಶಾರ್ಶೆನ್ ಯಾರಿಗೂ ಹೇಳದೆ ಟ್ರ್ಯಾಕ್ಟರಿನ ಮುಂದಕ್ಕೆ ಹಿಮ ತಳ್ಳುವ ಹಲಗೆ ಸಿಕ್ಕಿಸಿಕೊಂಡು ಘಾಟಿಯ ಕಡೆ ಹೊರಟುಹೋದ.

ಮಾವ ಮಧ್ಯಾಹ್ನದ ನಮಾಜನ್ನು ದಾಟಿಸಿದರು. ಇಳಿಹೊತ್ತಿನವರೆಗೂ ಕಾದರು. ಇಮಾಮರು ಆಕಾಶ ನೋಡಿದರು, ಮಾವ ರಸ್ತೆ ನೋಡಿದರು. ಚಳಿಗಾಲದ ಹಗಲು ಚಿಕ್ಕದು. ಕತ್ತಲಾದ ಮೇಲೆ ಗೋರಿ ಮುಚ್ಚುವಂತಿಲ್ಲ.

“ಇನ್ನು ಆಗಲ್ಲಮ್ಮ,” ಎಂದರು ಮಾವ, ಸಾಲ್ಕಿನ್‌ಳ ತಲೆಯ ಮೇಲೆ ಕೈಯಿಟ್ಟು. “ಒಂದೇ ಒಂದು ದಿನ ಮುಂಚೆ ಹೊರಟಿದ್ರೆ...” ಮಾತನ್ನು ನುಂಗಿಕೊಂಡರು. ನುಂಗಿದ್ದು ತಡವಾಯಿತು.

ಕಂಬಳಿ ಸುತ್ತಿದ ಬಾತ್ಮಾಳನ್ನು ಗಂಡಸರು ಹೊತ್ತುಕೊಂಡು ಹೋದರು. ಗೋರಿಯ ಹತ್ತಿರ ಹೆಂಗಸರು ಹೋಗುವುದಿಲ್ಲ. ಸಾಲ್ಕಿನ್ ಗುಡಾರದ ಬಾಗಿಲಲ್ಲಿ ನಿಂತು, ಬಿಳಿ ದಿಬ್ಬದ ಮೇಲೆ ಆ ಕಪ್ಪು ಸಾಲು ಚಿಕ್ಕದಾಗುತ್ತ ಹೋಗುವುದನ್ನು ನೋಡಿದಳು. ಮೊದಲ ಹಿಡಿ ಮಣ್ಣನ್ನು ಮಾವ ಹಾಕಿದರೆಂದು ಆಮೇಲೆ ಯಾರೋ ಹೇಳಿದರು.

ಗಂಡಸರು ಮರಳಿ ಬಂದು ಕೈತೊಳೆದು ಕುಳಿತು ಸ್ವಲ್ಪ ಹೊತ್ತಾಗಿತ್ತು. ಬೆಟ್ಟದ ನೆತ್ತಿಯಲ್ಲಿ ಇನ್ನೂ ಒಂದೆಳೆ ಬೆಳಕಿತ್ತು. ಟ್ರ್ಯಾಕ್ಟರಿನ ಸದ್ದು ಕೇಳಿಸಿದ್ದೇ ಎಲ್ಲರೂ ಎದ್ದು, ಸೊಂಟದ ಪಟ್ಟಿ ಬಿಗಿದು, ಕೋಲೂರಿ ಮತ್ತೆ ಸಾಲಾಗಿ ನಿಂತರು. ಟ್ರ್ಯಾಕ್ಟರಿನ ಗೂಡಿನಂಥ ಚಿಕ್ಕ ಕೋಣೆಯಲ್ಲಿ, ಒಬ್ಬರ ಭುಜಕ್ಕೊಬ್ಬರ ಭುಜ ಒತ್ತಿಕೊಂಡು, ಎಸೆನ್ ಮತ್ತು ಶಾರ್ಶೆನ್ ಕುಳಿತಿದ್ದರು.

ತಾಯಿ ಸತ್ತ ಮನೆಗೆ ಬರುವ ಮಗ ರಸ್ತೆಯಿಂದಲೇ ‘ಅಯ್ಯೋ ನನ್ನ ಅಮ್ಮಾ’ ಎಂದು ಕೂಗಿ ಅಳುತ್ತ ಬರಬೇಕು. ಆ ಕೂಗಿಗೆ ಸಾಲಿನಲ್ಲಿದ್ದ ಗಂಡಸರು ದನಿಗೂಡಿಸುತ್ತಾರೆ, ಒಳಗೆ ಹೆಂಗಸರು ಹಾಡನ್ನೆತ್ತುತ್ತಾರೆ. ಎಲ್ಲರೂ ಕಾದರು. ಎಸೆನ್ ಇಳಿದ. ಬರಿಯ ಕೋಟು, ಟೋಪಿಯಿಲ್ಲ. ಅಂಗಳದ ನಡುವೆ ನಡೆದು ಬಂದ. ಬಾಯಿ ತೆರೆದ, ದನಿ ಬರಲಿಲ್ಲ. ಮತ್ತೊಮ್ಮೆ ತೆರೆದ. ಹಿಮದ ಮೇಲೆ ಅವನ ಬೂಟಿನ ಸದ್ದು ಮಾತ್ರ.

ಊರು ನೋಡುತ್ತಿತ್ತು. ತಾಯಿಗೆ ಕೂಗದ ಮಗನೆಂಬ ಮಾತು ನೂರು ವರ್ಷ ಉಳಿಯುವ ಊರು ಅದು.

ಆಗ ಅವನ ಹಿಂದಿನಿಂದ ಒಂದು ದನಿ ಎದ್ದಿತು, ಒರಟು ದನಿ, ಗುಡಾರದ ಉಣ್ಣೆಗೋಡೆ ನಡುಗುವಂಥ ದನಿ: “ಅಯ್ಯೋ ನನ್ನ ಅಮ್ಮಾ! ಅಯ್ಯೋ ನನ್ನ ಅಮ್ಮಾ!” ಶಾರ್ಶೆನ್, ಎಸೆನ್‌ನ ಸೊಂಟ ಬಳಸಿ ಹಿಡಿದುಕೊಂಡು, ಕಣ್ಣೀರು ಗಡ್ಡಕ್ಕಿಳಿಯುತ್ತಿದ್ದಂತೆ, ಅವನ ಪಾಲಿನದನ್ನೂ ಕೂಗುತ್ತ ಬಾಗಿಲವರೆಗೆ ನಡೆಸಿಕೊಂಡು ಬಂದ. ಸಾಲು ದನಿಗೂಡಿಸಿತು. ಕೂಗಿದವರು ಯಾರು ಎಂದು ಕತ್ತಲಾಗುತ್ತಿದ್ದ ಆ ಅಂಗಳದಲ್ಲಿ ಯಾರೂ ಕೇಳಲಿಲ್ಲ.

ಗುಡಾರದೊಳಗೆ ಪರದೆಯ ಹಿಂದೆ ಖಾಲಿ ಜಾಗ. ಎಸೆನ್ ಅದನ್ನು ನೋಡುತ್ತ ತಂಗಿಯ ಪಕ್ಕ ಕುಳಿತ. ಹೆಂಗಸರು ಹಾಡು ನಿಲ್ಲಿಸಿ ಇಬ್ಬರಿಗೆ ಜಾಗ ಬಿಟ್ಟು ಹಿಂದೆ ಸರಿದರು. ಸಾಲ್ಕಿನ್ ಅವನ ಕುತ್ತಿಗೆ ತಬ್ಬಿಕೊಂಡಳು. ಅವನ ಕೆನ್ನೆ ತಣ್ಣಗಿತ್ತು, ಒಣಗಿತ್ತು.

“ಅವತ್ತು ನಿಲ್ದಾಣದಲ್ಲಿ ಅತ್ತುಬಿಟ್ಟೆ ಕಣೇ,” ಎಂದ ಅವಳ ಕಿವಿಯಲ್ಲಿ. ಬೈಗುಳದಂತೆ ಅಲ್ಲ, ದಾರಿಯಲ್ಲಿ ಏನನ್ನೋ ಕಳೆದುಕೊಂಡು ಬಂದ ಮಗು ಮನೆಯಲ್ಲಿ ಹೇಳುವಂತೆ. “ಅಷ್ಟೂ ಅತ್ತೆ. ಈಗ ಹುಡುಕ್ತಿದೀನಿ, ಬರ್ತಿಲ್ಲ. ಏನ್ ಮಾಡ್ಲಿ?”

ಅವಳು ಕ್ಷಮಿಸು ಎನ್ನಲು ಬಾಯಿ ತೆರೆದಳು. ಸಾವಿರ ಜನರೆದುರು ಎಷ್ಟೆಲ್ಲ ಬರೆದಿದ್ದವಳು, ಆ ಒಂದು ಮಾತು ಬಾಯಿಗೆ ಬಾರದೆ, ಅವನ ತೋಳನ್ನೇ ಬಿಗಿಯಾಗಿ ಹಿಡಿದುಕೊಂಡಳು.

ಹೊರಗೆ ಮತ್ತೊಂದು ಗಾಡಿ ಬಂದು ನಿಂತಿತು. ಘಾಟಿಯಲ್ಲಿ ಸಿಕ್ಕಿಬಿದ್ದಿದ್ದ ದೂರದ ನೆಂಟರಿರಬೇಕು. ಅವರ ಕೂಗು ರಸ್ತೆಯಿಂದ ಕೇಳಿಬಂತು. ಬರುವವರನ್ನು ಹಾಡಿಲ್ಲದೆ ಒಳಗೆ ಕರೆಯುವ ಹಾಗಿಲ್ಲ. ಸಾಲ್ಕಿನ್ ಗೋಡೆಗೆ ಮುಖ ತಿರುಗಿಸಿ, ವಾಡಿಕೆಯಂತೆ ಸೊಂಟಕ್ಕೆ ಕೈಯಿಟ್ಟು, ಹಾಡಿನಲ್ಲಿ ಅಮ್ಮನನ್ನು ಹೆಸರು ಹೆಸರಾಗಿ ಕರೆಯತೊಡಗಿದಳು. ಪಕ್ಕದಲ್ಲಿ ಅಣ್ಣ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು, ಅಳುವ ತನ್ನ ಸರದಿಗಾಗಿ ಕಾಯುವವನಂತೆ ನೆಟ್ಟಗೆ ಕುಳಿತಿದ್ದ.